ಕೋರ್ಟಿನ ಗೋಡೆ ಹೊರಗಿನ ಟೇಬಲ್ಲು

ಕಳೆದ ಭಾನುವಾರ ಬೆಳಿಗ್ಗೆ ಪುಣೆಯ ಧನಕವಡಿಯಿಂದ ಶಿವಾಜಿನಗರದ ಕಡೆ ಹೊರಟ ಬಸ್ಸಿನಲ್ಲಿ ನನ್ನ ಎದುರಿನ ಸೀಟಿಗೆ ಒಬ್ಬ ಹುಡುಗಿ ಬಂದು ಕೂತಳು. ಮಡಿಲಲ್ಲಿ ಸ್ಟೀಲಿನ ಡಬ್ಬಿ, ತೋಳಿಗೆ ತೂಗುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಮಡಿಕೆ ಬೀಳದ ಹಾಲ್ ಟಿಕೆಟ್ಟು. ಬಸ್ಸು ಹೊರಟ ಮೇಲೆ ಅವಳ ಬೆರಳುಗಳು ಡಬ್ಬಿಯ ಮುಚ್ಚಳದ ಮೇಲೆ ಓಡಾಡತೊಡಗಿದವು. ಸ್ವಲ್ಪ ಹೊತ್ತಿಗೆ ಒಮ್ಮೆಗೇ ನಿಂತವು. ಎರಡೂ ಕೈ ಎತ್ತಿ, ಅಂಗೈ ಮೇಲೆ ಮಾಡಿ, ಡಬ್ಬಿಯ ಎರಡೂ ಬದಿಗೆ ತೊಡೆಯ ಮೇಲೆ ಇಟ್ಟುಕೊಂಡಳು. ಊಟ ಮುಗಿಸಿ ಕೈತೊಳೆಯಲು ನೀರಿಗೆ ಕಾಯುವವರ ಹಾಗೆ. ಮತ್ತೆ ಡಬ್ಬಿ, ಮತ್ತೆ ಬೆರಳು, ಮತ್ತೆ ಅಂಗೈ ಮೇಲೆ.

ಪಕ್ಕದಲ್ಲಿದ್ದ ಅಜ್ಜಿ ಅವಳನ್ನು ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದಳು. ನನಗೆ ಕಣ್ಣು ಕೀಳಲಾಗಲಿಲ್ಲ. ಕೋರ್ಟಿನ ಗುಮಾಸ್ತೆ ಹುದ್ದೆಗೆ ಪರೀಕ್ಷೆ ಬಂದಾಗ ಈ ಊರಿನಲ್ಲಿ ಬಸ್ಸಿನಲ್ಲಿ, ಚಹಾದ ಅಂಗಡಿಯಲ್ಲಿ, ದೇವಸ್ಥಾನದ ಸಾಲಿನಲ್ಲಿ ಹೀಗೆ ಬೆರಳು ಕುಣಿಸುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಆದರೆ ಮುಗಿದ ಮೇಲೆ ಕೈಯನ್ನು ಹೀಗೆ ಮಗುಚಿ ಇಡಲು ಕಲಿಸುವವರು ನಾನು ಕಂಡಂತೆ ಒಬ್ಬರೇ. ಅವರ ವಿಷಯ ಹೇಳುತ್ತೇನೆ. ಭಾನುವಾರದ ಬಸ್ಸು, ನಿಮಗೂ ನನಗೂ ಅವಸರವಿಲ್ಲ.

ನಾನು ಇಲ್ಲಿಯ ಒಂದು ಮರಾಠಿ ಪತ್ರಿಕೆಗೆ ಬಹಳ ಕಾಲದಿಂದ ಕೋರ್ಟಿನ ಸುದ್ದಿ ಬರೆಯುತ್ತ ಬಂದವನು. ಅಪ್ಪ ಅವ್ವ ಧಾರವಾಡದ ಕಡೆಯವರು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಎಷ್ಟು ವರ್ಷ ಕಳೆದರೂ ಪುಣೆಯ ಕನ್ನಡಿಗ ಎಣಿಸುವುದು ಮತ್ತು ಗೊಣಗುವುದು ಮಾತ್ರ ಕನ್ನಡದಲ್ಲೇ. ಶಂಕ್ರಪ್ಪ ಕಾಕಾ ನನಗೆ ಸಿಕ್ಕಿದ್ದು ಹಾಗೆಯೇ. ಕೋರ್ಟಿನ ಗೋಡೆಗೆ ಆತುಕೊಂಡು, ತಾಡಪತ್ರಿ ಎನ್ನುವ ಟಾರ್ಪಾಲಿನ ಕೆಳಗೆ ಟೇಬಲ್ಲು ಹಾಕಿ ಅರ್ಜಿ, ಅಫಿಡವಿಟ್ಟು ಟೈಪು ಮಾಡುವವರ ಸಾಲಿನಲ್ಲಿ ಅವರೂ ಒಬ್ಬರು. ಗಿರಾಕಿಯೊಬ್ಬನಿಗೆ ಮರಾಠಿಯಲ್ಲಿ ಸಮಾಧಾನವಾಗಿ ಏನೋ ವಿವರಿಸಿ, ಅವನು ಆಚೆ ಹೋದ ಕೂಡಲೇ, "ತನ್ನ ಹೆಸರ ತನಗ ನೆಟ್ಟಗ ಹೇಳಾಕ ಬರೂದಿಲ್ಲ, ಕೇಸ್ ಗೆಲ್ಲಾಕ ಬಂದಾನ" ಎಂದರು. ನಾನು ಹಿಂದೆ ನಿಂತು ನಕ್ಕೆ. ಅಂದಿನಿಂದ ನನ್ನ ಸಂಜೆಯ ಚಹಾ ಅವರ ಟೇಬಲ್ಲಿಗೆ ಬಂತು.

ಬೆಳಗಾವಿ ಕಡೆಯ ಹಳ್ಳಿಯಿಂದ ಬಂದ ಕಾಕಾ ಆ ಗೋಡೆಯ ಪಕ್ಕ ಕೂತು ಮುದುಕರಾದರು. ಗೋಡೆಯ ಆಚೆಗಿನ ಕಚೇರಿಗೆ ಅವರು ಯಾವತ್ತೂ ಕೋರ್ಟು ಎನ್ನುತ್ತಿರಲಿಲ್ಲ. 'ಒಳಗ' ಎನ್ನುತ್ತಿದ್ದರು. 'ಒಳಗ ಕಾಗದ ಕೊಟ್ಟು ಬಾ', 'ಒಳಗ ಇವತ್ತ ರಜಾ'. ಒಳಗೆ ಫ್ಯಾನು, ಕುರ್ಚಿ, ತಿಂಗಳ ಪಗಾರ, ಪೆನ್ಶನ್ನು. ಹೊರಗೆ ಪಕ್ಕದ ಝೆರಾಕ್ಸ್ ಅಂಗಡಿಯಿಂದ ಎಳೆದ ವಾಯರು, ಗಾಳಿಗೆ ಹಾರುವ ತಾಡಪತ್ರಿ. ಟೈಪ್‌ರೈಟರಿನ ಕಾಲ ಮುಗಿದು ಲ್ಯಾಪ್‌ಟಾಪೂ ಚಿಕ್ಕ ಪ್ರಿಂಟರೂ ಬಂದ ಮೇಲೆ ಕಾಕಾ ಹಳೆಯ ಯಂತ್ರವನ್ನು ತಾಡಪತ್ರಿಯ ಹಗ್ಗಕ್ಕೆ ಭಾರವಾಗಿ ಕಟ್ಟಿದ್ದರು. ಅದು ಕೊನೆಗೂ ಒಂದು ಕೆಲಸದಲ್ಲಿ ಕಾಯಂ ಆಯಿತು ಎಂದು ನಗುತ್ತಿದ್ದರು.

ಕಾಕಾಗೆ ಕಣ್ಣು ಮಂಜಾದಾಗ ಟೇಬಲ್ಲಿಗೆ ಬಂದು ಕೂತವಳು ಸೊಸೆ ರೇಣುಕಾ. ಅವಳ ಗಂಡನಿಗೆ ತಳೇಗಾಂವ ದಾಭಾಡೆಯ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಮನೆಗೆ ಬಂದರೆ ನಿದ್ದೆ, ಎದ್ದರೆ ಬಸ್ಸು. ಕಾಕಾ ಪಕ್ಕದಲ್ಲಿ ಸ್ಟೂಲು ಹಾಕಿ ಕೂತು, ಕಣ್ಣು ಮುಚ್ಚಿ, ಕೀಲಿಗಳ ಸದ್ದು ಕೇಳುತ್ತಿದ್ದರು. ಅವರಿಗೆ ಒಂದು ನೇಮವಿತ್ತು. ಯಾವ ಕಾಗದವೇ ಇರಲಿ, ಕಡೆಗೆ ಬರೆದದ್ದೆಲ್ಲ ನಿಜ ಎನ್ನುವ ಆ ಒಂದು ಸಾಲು ಬೀಳದೆ ಅದು ಟೇಬಲ್ಲು ಬಿಡಬಾರದು: ಮೇಲೆ ಬರೆದ ಮಜಕೂರು ನನ್ನ ತಿಳುವಳಿಕೆಯ ಪ್ರಕಾರ ಖರೆ ಮತ್ತು ಬರೋಬರಿ ಇರುತ್ತದೆ. ಅದರ ಕೆಳಗೆ ಸ್ಥಳ, ತಾರೀಖು, ಸಹಿಗೆ ಚುಕ್ಕೆಗಳ ಗೆರೆ. ಆ ಸಾಲಿನ ಲಯ ಕಿವಿಗೆ ಬೀಳದಿದ್ದರೆ ಕಾಕಾ ಕಣ್ಣು ತೆರೆಯುತ್ತಿದ್ದರು. "ರೇಣವ್ವಾ, ಬಾಲ ಬಿಟ್ಟಿ." ಕೆಲವೇ ತಿಂಗಳಲ್ಲಿ ಅವಳು ಬಾಲ ಬಿಡುವುದನ್ನು ಮರೆತಳು. ಬೆರಳೇ ಅದನ್ನು ಹೊಡೆದು ಮುಗಿಸುತ್ತಿತ್ತು, ಅವಳು ಅಷ್ಟರಲ್ಲಿ ಮುಂದಿನ ಗಿರಾಕಿಯ ಹೆಸರು ಕೇಳುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಗುಮಾಸ್ತೆ ಹುದ್ದೆಗಳಿಗೆ ಜಾಹೀರಾತು ಬಂತು. ಮೊದಲು ಬರವಣಿಗೆಯ ಪರೀಕ್ಷೆ, ಪಾಸಾದರೆ ಮರಾಠಿ, ಇಂಗ್ಲಿಷ್ ಎರಡರಲ್ಲೂ ಟೈಪಿಂಗ್, ಅದೂ ಆದರೆ ಸಂದರ್ಶನ. ವಯಸ್ಸಿನ ಮಿತಿಗೆ ರೇಣುಕಾ ಅಂಚಿನಲ್ಲಿದ್ದಳು. ಇಂಥ ಜಾಹೀರಾತು ವರ್ಷ ವರ್ಷ ಬರುವುದಲ್ಲ, ಇದು ತಪ್ಪಿದರೆ ಅವಳಿಗೆ ಇನ್ನೊಂದಿಲ್ಲ. "ಒಳಗ ಹೋಗಬೇಕ್ರಿ ಪೇಪರಣ್ಣಾರ," ಎಂದಳು ನನಗೆ. "ಮಳಿಗಾಲದಾಗ ಒಂದ್ ಸಲನರೆ ಒಣಾ ಕುರ್ಚಿ ಮ್ಯಾಲೆ ಕುಂತ ಕೆಲಸಾ ಮಾಡಿ ನೋಡಬೇಕು."

ಸಾಮಾನ್ಯ ಜ್ಞಾನ ಕಲಿಸುವ ಹೊಣೆ ನನ್ನ ಪಾಲಿಗೆ ಬಂತು. ಪತ್ರಿಕೆಯವನಿಗೆ ಎಲ್ಲ ಗೊತ್ತಿರುತ್ತದೆ ಎಂದು ಜನ ನಂಬಿದ್ದಾರೆ, ನಾವೂ ಆ ನಂಬಿಕೆಯನ್ನು ಕೆಡಿಸಲು ಹೋಗುವುದಿಲ್ಲ. ಯಾವ ನದಿ ಯಾವುದಕ್ಕೆ ಸೇರುತ್ತದೆ ಎಂದು ಅವಳು ಕೇಳಿದಾಗ, ಪ್ರತಿ ಮಳೆಗಾಲ ಆ ನದಿಯ ಪ್ರವಾಹದ ಬಗ್ಗೆ ಬರೆದ ನಾನು ಗಂಟಲು ಸರಿಮಾಡಿಕೊಂಡೆ. ಎರಡು ವಾರದೊಳಗೆ ಅವಳು ಒಂದು ಪದ್ಧತಿ ಮಾಡಿಕೊಂಡಳು. ನಾನು ಹೇಳಿದ್ದನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು, ಗೈಡಿನಲ್ಲಿ ನೋಡಿದ ಮೇಲೆ ಪೆನ್ನಿನಲ್ಲಿ ಬರೆಯುವುದು. "ಸಿಟ್ಟಾಗಬ್ಯಾಡ್ರಿ ಮತ್ತ," ಎನ್ನುತ್ತಿದ್ದಳು.

ಟೈಪಿಂಗಿಗೆ ಅವಳು ಬೇರೆ ಕ್ಲಾಸಿಗೆ ಹೋಗಲಿಲ್ಲ. ದಿನವಿಡೀ ಮಾಡುವ ಕೆಲಸವೇ ಅಭ್ಯಾಸ ಎಂದು ಕಾಕಾನ ಲೆಕ್ಕ. ಗಿರಾಕಿ ಇಲ್ಲದಾಗ ನನ್ನದೇ ವರದಿ ಎದುರಿಗಿಟ್ಟುಕೊಂಡು ಹೊಡೆಯುತ್ತಿದ್ದಳು. ಒಂದು ಸಂಜೆ ಹಾಗೆ ಹೊಡೆದ ಹಾಳೆ ಪ್ರಿಂಟು ತೆಗೆದು ನನ್ನ ಮುಂದೆ ಹಿಡಿದಳು. ಕೆಳಗೆ ಎಂದಿನ ಬಾಲ.

"ನಿಮ್ಮ ಸುದ್ದಿಗೂ ಬಾಲ ಹಚ್ಚೇನ್ರಿ. ಸಹಿ ಹಾಕ್ರಿ."

"ಇದೇನ ಅಫಿಡವಿಟ್ ಅಲ್ಲಲ್ಲ ತಂಗಿ."

ಕಾಕಾ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಅದಕ್ಕಽ ಊರ ಮಂದಿ ಓದ್ತಾರ, ಸಹಿ ಯಾರೂ ಹಾಕೂದಿಲ್ಲ."

ನಾನು ಹಾಳೆಯನ್ನು ಮತ್ತೊಮ್ಮೆ ಓದಿದೆ. 'ಎನ್ನಲಾಗಿದೆ', 'ತಿಳಿದುಬಂದಿದೆ', 'ಮೂಲಗಳು ಹೇಳುತ್ತವೆ'. ನಮ್ಮ ವೃತ್ತಿಯಲ್ಲಿ ಇವು ತಪ್ಪಲ್ಲ, ಇವಿಲ್ಲದೆ ಪತ್ರಿಕೆ ಬೆಳಿಗ್ಗೆ ಹೊರಡುವುದೂ ಇಲ್ಲ. ಆದರೆ ಆ ಕಡೆಯ ಸಾಲಿನ ಮೇಲೆ ನಿಂತು ನೋಡಿದರೆ ಬೇರೆ ಥರ ಕಾಣುತ್ತಿದ್ದವು. ಅಷ್ಟರಲ್ಲಿ ಚಹಾ ಬಂತು, ನಾನು ಹಾಳೆ ಮಡಚಿ ಜೇಬಿಗಿಟ್ಟೆ.

ಬರವಣಿಗೆಯ ಪರೀಕ್ಷೆಗೆ ಧನಕವಡಿಯ ಒಂದು ಕಾಲೇಜಿನಲ್ಲಿ ಕೇಂದ್ರ ಕೊಟ್ಟಿದ್ದರು. ಗಂಡನಿಗೆ ಬೆಳಗಿನ ಪಾಳಿ, ಆದ್ದರಿಂದ ಕಾಕಾನೂ ನಾನೂ ಜೊತೆಗೆ ಹೋದೆವು. ಗೇಟಿನ ಮುಂದೆ ಬಾರಾಮತಿಯಿಂದ, ಸುತ್ತಲ ತಾಲೂಕುಗಳಿಂದ ಬಂದವರ ಜಾತ್ರೆ. ಗಡಿಯಾರ, ಮೊಬೈಲು, ಚೀಲ ಎಲ್ಲ ಹೊರಗೇ ಬಿಡಬೇಕು. ಹಾಗಾಗಿ ಹೊರಗೆ ಉಳಿದವರ ಕೈತುಂಬ ಒಳಗೆ ಹೋದವರ ಸಾಮಾನು. ಒಬ್ಬ ಗಂಡ ಹೆಂಡತಿಯ ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಸಾಲಿನಲ್ಲಿದ್ದವರನ್ನು ಅಭ್ಯಾಸಬಲದಿಂದ ಮಾತಾಡಿಸಿದೆ. ಎಂಜಿನಿಯರಿಂಗ್ ಮುಗಿಸಿದವನಿದ್ದ, ಎರಡು ಎಂ.ಎ. ಮಾಡಿದವಳಿದ್ದಳು. ಕಾಕಾ ಆ ಜನಸಂದಣಿಯ ಸದ್ದನ್ನು ಕಿವಿಗೊಟ್ಟು ಕೇಳಿ, "ಇಷ್ಟೂ ಮಂದಿ ಒಳಗ ಹೋದ್ರ ಹೊರಗ ಅರ್ಜಿ ಹಾಕಾವ್ರ ಯಾರಪಾ?" ಎಂದರು.

ರೇಣುಕಾ ಪಾಸಾದಳು. ನದಿಯ ಪ್ರಶ್ನೆ ಬಂದಿತ್ತಂತೆ. ಪೆನ್ನಿನಲ್ಲಿ ಬರೆದುಕೊಂಡಿದ್ದ ಉತ್ತರವನ್ನೇ ಗುರುತು ಮಾಡಿದಳಂತೆ.

ಟೈಪಿಂಗ್ ಪರೀಕ್ಷೆಯ ದಿನ ನನಗೆ ಬೇರೆ ಕೆಲಸವಿತ್ತು. ಸಂಜೆ ಟೇಬಲ್ಲಿಗೆ ಹೋದಾಗ ಅವಳು ಆಗಲೇ ಬಂದು ಕೂತಿದ್ದಳು. ಗಿರಾಕಿ ಇರಲಿಲ್ಲ, ಲ್ಯಾಪ್‌ಟಾಪು ಮುಚ್ಚಿತ್ತು. ಕಾಕಾ ಎಂದಿನ ಸ್ಟೂಲಿನ ಮೇಲೆ.

ಅವಳು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ. ಕೊಟ್ಟ ಮರಾಠಿ ಭಾಗ ಸಹ್ಯಾದ್ರಿಯ ಕಾಡು, ಅಲ್ಲಿಯ ಮಳೆ, ಹಕ್ಕಿಗಳ ಬಗ್ಗೆ ಇತ್ತು. ಕಠಿಣವೇನಲ್ಲ. ಸುತ್ತಲಿನವರು ಇನ್ನೂ ಅರ್ಧದಲ್ಲಿದ್ದಾಗ ಅವಳದು ಮುಗಿಯಿತು. ಕೊನೆಯ ವಾಕ್ಯಕ್ಕೆ ಪೂರ್ಣವಿರಾಮ ಹಾಕಿ, ಹೊತ್ತು ಎಷ್ಟು ಉಳಿದಿದೆ ಎಂದು ಪರದೆಯ ಮೂಲೆ ನೋಡಿದಳು. ನೋಡಿದ್ದು ಕಣ್ಣು ಮಾತ್ರ, ಕೈ ನಿಂತಿರಲಿಲ್ಲ. ಕಣ್ಣು ವಾಪಸು ಬರುವಷ್ಟರಲ್ಲಿ ಸಹ್ಯಾದ್ರಿಯ ಕಾಡಿನ ಕೆಳಗೆ, ಮೇಲೆ ಬರೆದ ಮಜಕೂರು ನನ್ನ ತಿಳುವಳಿಕೆಯ ಪ್ರಕಾರ ಖರೆ ಮತ್ತು ಬರೋಬರಿ ಇರುತ್ತದೆ ಎಂದು ಬಿದ್ದಾಗಿತ್ತು. ಸ್ಥಳ, ಪುಣೆ. ತಾರೀಖು. ಚುಕ್ಕೆಗಳ ಗೆರೆ ನಡೆದಿತ್ತು. ಆಗ ಎಚ್ಚರವಾಯಿತು. ಅಳಿಸುವ ಕೀಲಿ ಆ ಪರೀಕ್ಷೆಯಲ್ಲಿ ಕೆಲಸ ಮಾಡುತ್ತಿರಲಿಲ್ಲ, ಬಿದ್ದ ಅಕ್ಷರ ಬಿದ್ದದ್ದೇ. ಕೊಟ್ಟದ್ದಕ್ಕಿಂತ ಹೆಚ್ಚಿಗೆ ಹೊಡೆದ ಪ್ರತಿ ಶಬ್ದವೂ ತಪ್ಪು ಎಂದು ಮೊದಲೇ ಓದಿ ಹೇಳಿದ್ದರು.

"ಹಕ್ಕಿ ಹಾಡ್ತಾವ ಅಂತ ನಾ ಆಣಿ ಮಾಡಿ ಬರಕೊಟ್ಟ ಬಂದೇನ್ರಿ," ಎಂದಳು.

ನಾನು ಕಾಕಾನ ಮುಖ ನೋಡಿದೆ. ಅವರು ಕೇಳಿದರು: "ಸಹಿಗೆ ಜಾಗಾ ಬಿಟ್ಟಿದ್ದೇನ?"

"ಬಿಟ್ಟೇನ್ರಿ ಮಾವಾರ."

"ಛಲೋ ಆತು."

ಮೊದಲು ನಕ್ಕವಳು ಅವಳೇ. ಆಮೇಲೆ ಕಾಕಾ, ಆಮೇಲೆ ನಾನು. ಪಕ್ಕದ ಟೇಬಲ್ಲಿನವನು ಏನಾಯಿತು ಎಂದು ಮರಾಠಿಯಲ್ಲಿ ಕೇಳಿದ, ಹೇಳಲು ಯಾರಿಗೂ ಉಸಿರಿರಲಿಲ್ಲ. ನಗುತ್ತ ನಗುತ್ತಲೇ ರೇಣುಕಾ ಸೆರಗಿನಿಂದ ಮುಖ ಮುಚ್ಚಿಕೊಂಡಳು, ಮತ್ತೆ ತೆಗೆಯಲು ತಡಮಾಡಿದಳು.

ಸಂದರ್ಶನದ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಅದನ್ನು ಸೂಚನಾಫಲಕದಲ್ಲಿ ನೋಡಿ ಬಂದು ಹೇಳಿದವನು ನಾನೇ. "ಎರಡ ಸಲ ನೋಡಿದ್ರ್ಯಾ?" ಎಂದು ಕೇಳಿದಳು. ನೋಡಿದ್ದೆ. ಅವಳು ತಲೆಯಾಡಿಸಿ, ಎದುರಿಗೆ ಕೂತಿದ್ದ ಮುದುಕನ ಕಡೆ ತಿರುಗಿ ಅವನ ಪೂರ್ತಿ ಹೆಸರು ಕೇಳಿದಳು.

ಕಾಕಾ ಈಗಿಲ್ಲ. ಸ್ಟೂಲು ಇದೆ. ಮುಂದಿನ ಪರೀಕ್ಷೆಯ ಹೊತ್ತಿಗೆ ಅದರ ಮೇಲೆ ಝೆರಾಕ್ಸ್ ಅಂಗಡಿಯವನ ತಂಗಿ ಕೂತು ಟೈಪಿಂಗ್ ಕಲಿತಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಸಂಜೆ ಗಿರಾಕಿ ಕಡಿಮೆಯಾದ ಮೇಲೆ ಈಗ ಅಲ್ಲಿ ಸದಾ ಯಾರಾದರೊಬ್ಬರು ಇರುತ್ತಾರೆ. ವೇಗ ಎಲ್ಲಿಯಾದರೂ ಕಲಿಯಬಹುದು, ಅವಳು ಕಲಿಸುವುದು ನಿಲ್ಲಿಸುವುದನ್ನು. ಪೂರ್ಣವಿರಾಮ ಬಿದ್ದ ಕೂಡಲೇ ಕೈ ಎತ್ತಬೇಕು, ಅಂಗೈ ಮೇಲೆ ಮಾಡಿ ತೊಡೆಯ ಮೇಲೆ ಇಡಬೇಕು. ಮಗುಚಿದ ಕೈಗೆ ಟೈಪು ಮಾಡಲು ಬರುವುದಿಲ್ಲ.

ಬಸ್ಸು ಶಿವಾಜಿನಗರ ಮುಟ್ಟಿದಾಗ ಆ ಹುಡುಗಿಯನ್ನು ಮರಾಠಿಯಲ್ಲಿ ಕೇಳಿದೆ, ರೇಣುಕಾಬಾಯಿಯ ಹತ್ತಿರ ಕಲಿತೆಯಾ ಎಂದು. ಹೌದೆಂದಳು, ನಾಚಿ ಕೈ ಸರಿಮಾಡಿಕೊಂಡಳು. ಒಳ್ಳೆಯದಾಗಲಿ ಎಂದೆ.

ಸೋಮವಾರ ಟೇಬಲ್ಲಿಗೆ ಹೋಗಿ ಇದನ್ನು ಹೇಳಿದೆ. "ಕೈ ಹೆಂಗ ಇಟ್ಟಿದ್ಳು?" ರೇಣುಕಾ ಮೊದಲು ಕೇಳಿದ್ದು ಅದನ್ನೇ. ತೋರಿಸಿದೆ. "ಹೆಬ್ಬೆಟ್ಟ ಒಳಗ ಮಡಚಬೇಕಿತ್ತು," ಎಂದಳು. ಆಮೇಲೆ, "ಅಕಿ ಹೋಗ್ತಾಳ್ರಿ ಒಳಗ."

"ನಿನಗ ಬ್ಯಾಸರ ಹೋತೇನ ತಂಗಿ?"

"ಎಲ್ಲಿ ಹೋಗತದ್ರಿ? ಮಳಿ ಬಂದಾಗ ಭಾಳ ಆಗತದ."

ಆ ಸಂಜೆ ಮನೆಗೆ ಬಂದು ಇದನ್ನು ಕನ್ನಡದಲ್ಲಿ ಬರೆದೆ, ಮರುದಿನ ಅವಳಿಗೆ ಓದಲು ಕೊಟ್ಟೆ. ಗಿರಾಕಿಯ ಅರ್ಜಿ ಓದುವ ಹಾಗೆ ಬೆರಳಿಟ್ಟು ಓದಿದಳು. ಒಂದು ಕಡೆ ಬೆರಳು ನಿಂತಿತು. ಬಾಲದ ಆ ಒಂದು ಸಾಲಿನ ಕಾರಣಕ್ಕೆ ಅವಳಿಗೆ ಕೆಲಸ ತಪ್ಪಿತು ಎಂದು ನಾನು ಬರೆದಿದ್ದೆ.

"ಇದು ನಿಮಗ ಯಾರ ಹೇಳಿದ್ರು? ನನ್ನ ಇಂಗ್ಲಿಷ್ ಟೈಪಿಂಗೂ ಅಷ್ಟಕ್ಕಷ್ಟಽ ಆಗಿತ್ತು. ಯಾತಕ್ಕ ಹೋತು ಅಂತ ನನಗೂ ಗೊತ್ತಿಲ್ಲ. ಗೊತ್ತಿದ್ದಷ್ಟ ಬರೀರಿ."

ಹೊಡೆದುಹಾಕಿದೆ. ನೀವು ಮೇಲೆ ಓದಿದ್ದು ಹೊಡೆದುಹಾಕಿದ ಮೇಲಿನ ಪ್ರತಿ. ಅವಳು ಉಳಿದದ್ದನ್ನು ಓದಿ ಮುಗಿಸಿ, ಕಡೆಯ ಹಾಳೆಯ ಕೆಳಗೆ ಖಾಲಿ ಇದ್ದ ಜಾಗದಲ್ಲಿ ಕೈಯಿಂದಲೇ ಎಂದಿನ ಬಾಲ ಬರೆದು, ಚುಕ್ಕೆಗಳ ಗೆರೆ ಎಳೆದು, ನನ್ನ ಕಡೆ ತಿರುಗಿಸಿದಳು. ಚಹಾ ಇನ್ನೂ ಬಂದಿರಲಿಲ್ಲ. ನಾನು ಪೆನ್ನು ಕೇಳಿದೆ.