ಬಿಸಿಲಿಗೆ ಹಾಕಿದ ಕಾಗದಗಳು

ನಮ್ಮತ್ತೆಯ ಬಲಗೈ ಹೆಬ್ಬೆರಳಿನ ಉಗುರು ಸೀಳಿ ಎರಡಾಗಿತ್ತು. ಕಡಲೆಕಾಯಿ ಸುಲಿದು ಸುಲಿದು ಆದದ್ದು. ಹುಣಸೆಹಣ್ಣಿನ ನಾರು ತೆಗೆಯೋಕೂ ಅದೇ ಉಗುರು, ನನ್ನ ತಲೆಗೆ ಕುಟ್ಟೋಕೂ ಅದೇ. ಮಗನ ಕಾಗದ ಮುಟ್ಟುವಾಗ ಮಾತ್ರ ಆ ಬೆರಳು ಮಡಚಿಕೊಳ್ಳೋಳು. ತಗುಲಿದರೆ ಹರಿದೀತು ಅಂತ.

ಆ ಮಗ ನನ್ನ ಗಂಡನ ಅಣ್ಣ. ಮಿಲಿಟರಿ ಸೇರಿ ಯುದ್ಧದಲ್ಲಿ ಹೋದವರು. ಅವರ ಮುಖ ನಾನು ನೋಡಿಲ್ಲ. ಗಡಿಯಿಂದ ಬರೆದ ಒಂದು ಕಟ್ಟು ಕಾಗದ ಮನೆಯಲ್ಲಿತ್ತು. ಅತ್ತೆಗೆ ಓದು ಬರದು, ನನ್ನ ಗಂಡನಿಗೂ ಬರದು. ಓದಿಸಿಕೊಳ್ಳೋಕೆ ಕಳ್ಳಂಬೆಳ್ಳಕ್ಕೆ ನಡೆದು ಹೋಗಿ ಯಾರದೋ ಅಂಗಡಿ ಮುಂದೆ ಕಾಯಬೇಕಿತ್ತು. ಅವರೋ ಅರ್ಧ ಓದಿ, "ಚೆನ್ನಾಗಿದೀನಿ ಅಂತ ಬರ್ದವ್ನೆ ಕಣಮ್ಮ, ಹೋಗು" ಅನ್ನೋರು.

ಅದಕ್ಕೇ ನನ್ನನ್ನು ನೋಡೋಕೆ ಹೊಳವನಹಳ್ಳಿಗೆ ಬಂದಾಗ ಅಡುಗೆ ಬರುತ್ತಾ ಅಂತ ಕೇಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಕಾಗದ ಕೈಗಿಟ್ಟು "ಓದು" ಅಂದಳು. ನಾನು ಓದಿದ್ದು ಮೂರನೇ ಕ್ಲಾಸು. ಕೂಡಿಸಿ ಕೂಡಿಸಿ ಓದಿದೆ.

"ಎಮ್ಮೆ ಕೆರೆಗೆ ಇಳ್ದಂಗೆ ಓದ್ತಾಳೆ. ಆಗ್ಲಿ, ಒಂದಕ್ಸರಾನೂ ಬುಡಲ್ಲ ಇವ್ಳು" ಅಂತ ಒಪ್ಪಿದಳು.

ಪ್ರತಿ ಸಲ ಯುಗಾದಿ ಆದ ಮೇಲೆ ಬಿತ್ತನೆ ಬೀಜ ಬಿಸಿಲಿಗೆ ಹಾಕುವ ದಿನವೇ ಆ ಕಾಗದಗಳೂ ಹೊರಗೆ ಬರೋವು. ಆಕೆಗೆ ಬೀಜ ಕಾಪಾಡುವುದು ಗೊತ್ತಿತ್ತು. ಕಾಗದವನ್ನೂ ಹಂಗೇ ಕಾಪಾಡಿದಳು. ಚಾಪೆ ಮೇಲೆ ಹರಡಿ, ಕಲ್ಲಿಟ್ಟು, ಸಂಜೆವರೆಗೂ ಒಣಗಿಸಿ, ಹುಳ ಹಿಡಿಯದಂಗೆ ಲಕ್ಕಿಸೊಪ್ಪಿನ ಜೊತೆ ಮಡಕೆಗೆ ತುಂಬಿ ಬಾಯಿಗೆ ಸಗಣಿ ಮೆತ್ತೋಳು. ಮೆತ್ತುವ ಮುಂಚೆ ನಾನು ಎಲ್ಲವನ್ನೂ ಓದಬೇಕು. ಕೊನೆಯ ಕಾಗದದಲ್ಲಿ ಭಾವ, "ಕೆಂದ ಹಸು ಕರು ಹಾಕಿತೇ?" ಅಂತ ಕೇಳಿದ್ದರು. ಅದಕ್ಕೆ ಜವಾಬು ಬರೆಸುವಷ್ಟರಲ್ಲಿ ಅವರೇ ಇರಲಿಲ್ಲ. ಆ ಸಾಲು ಬಂದರೆ ಅತ್ತೆ ಕೈ ಎತ್ತಿ ನನ್ನನ್ನು ನಿಲ್ಲಿಸೋಳು. "ಹಾಕ್ತು ಕಣಪ್ಪ, ಹೆಣ್ಗರು" ಅನ್ನೋಳು. ಆಮೇಲೆ ಮುಂದಕ್ಕೆ.

ಒಂದು ಹುಳವೂ ಮುಟ್ಟಲಿಲ್ಲ. ಬಿಸಿಲು ಮುಟ್ಟಿತು. ಶಾಯಿ ತೆಳುವಾಗುತ್ತಾ ಆಗುತ್ತಾ, ಒಂದು ಸಲ ನೋಡುತ್ತೇನೆ, ಹಾಳೆಯೆಲ್ಲ ಬರಿದು. ಓದಿ ಓದಿ ಬಾಯಿಪಾಠ ಆಗಿದ್ದದ್ದನ್ನೇ ಹೇಳುತ್ತಾ ಹೋದೆ.

"ನಿಲ್ಸೇ," ಅಂದಳು. "ಇಷ್ಟು ಸಲೀಸಾಗಿ ನೀನ್ಯಾವತ್ತೇ ಓದಿದ್ದೆ? ಅಕ್ಸರ ಇಲ್ವಾ?"

"ಇಲ್ಲ ಕಣತ್ತೆ. ಬಿಸ್ಲು ತಿಂದ್ಬುಟ್ಟೈತೆ."

ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ನಾನೇ ಕಣೇ ಹಾಳ್ಮಾಡ್ದೋಳು. ಬೀಜ ಅಂದ್ಕಂಡೆ. ಹೋಗ್ಲಿ, ನಿನ್ ಬಾಯಾಗೆ ಅವೆಯಲ್ಲ? ಇದ್ರ ಮ್ಯಾಲೇ ಬರಿ. ನೆಳ್ಳಾಗೆ ಕೂತ್ಕಂಡು ಬರಿ."

ಮಾರನೇ ದಿನವೇ ಶಿರಾಕ್ಕೆ ಬಸ್ಸು ಹತ್ತಿ ಪೆನ್ನು ತಂದಳು. ನನಗೆ ಅಲ್ಲಿವರೆಗೆ ಓದು ಅಷ್ಟಿಷ್ಟು, ಬರವಣಿಗೆ ಅದೂ ಇಲ್ಲ. ಆಕೆ ಪಕ್ಕದಲ್ಲೇ ಕೂತು, ನನ್ನ ಕೈ ಬೆವರು ಹಾಳೆಗೆ ಬೀಳದಂಗೆ ಸೆರಗಿನಲ್ಲಿ ಒರೆಸೋಳು. ಬರೆದದ್ದನ್ನು ಓದಿಸಿ ಕೇಳೋಳು. ಒಂದು ಮಾತು ತಪ್ಪಿದರೂ ತಲೆಗೆ ಉಗುರು. "ಬಲು ಚಳಿ ಅಂತಿತ್ತಲ್ಲೇ. ಬಲು ಎಲ್ಲೋಯ್ತು?"

ಆಕೆ ಹೋಗಿ ಬಹಳ ಕಾಲವಾಯಿತು. ಇವತ್ತು ನಾನು ಬರೆಯುವ ನಾಲ್ಕಕ್ಷರ ಆ ಹಾಳೆಗಳ ಮೇಲೆ ಆಕೆ ಕುಟ್ಟಿ ಕಲಿಸಿದ್ದು. ಕಾಗದ ಈಗ ಟ್ರಂಕಿನಲ್ಲಿವೆ, ಲಕ್ಕಿಸೊಪ್ಪಿನ ಜೊತೆಗೇ. ಬಿಸಿಲು ತೋರಿಸುವುದಿಲ್ಲ. ಯುಗಾದಿ ಆದ ಮೇಲೆ ನಡುಮನೆಯಲ್ಲಿ ಕೂತು ಓದುತ್ತೇನೆ. ಹಸುವಿನ ಸಾಲು ಬಂದರೆ ನಾಲಗೆ ತಾನೇ ನಿಲ್ಲುತ್ತೆ. ಜವಾಬು ಹೇಳೋಳು ಇಲ್ಲ.

"ಹಾಕ್ತು ಕಣ್ ಭಾವ, ಹೆಣ್ಗರು" ಅಂತ ನಾನೇ ಹೇಳಿ ಮುಂದಿನ ಸಾಲಿಗೆ ಹೋಗುತ್ತೇನೆ.