ಮುರುಗೆಪ್ಪನ ಮೂಗು ಕಟ್ಟಿದ್ದು

ಪುಣೆಯ ರವಿವಾರ ಪೇಠೆಯಲ್ಲಿ ಈರಬಸಪ್ಪನವರ ನಶ್ಯದ ಅಂಗಡಿಯೊಂದಿತ್ತು. ನಿಪ್ಪಾಣಿಯಿಂದ ಬಂದ ತಂಬಾಕನ್ನು ಹಿಂದಿನ ಕೋಣೆಯಲ್ಲಿ ಕುಟ್ಟಿ, ಸೋಸಿ, ತುಪ್ಪ ಸವರಿ ಹದಗೊಳಿಸುತ್ತಿದ್ದರು. ಆದರೆ ಅಂಗಡಿಯ ಆಳು ಮುರುಗೆಪ್ಪನು ಮೂಸಿ 'ಹೂಂ' ಎನ್ನದೆ ಒಂದು ಭರಣಿಯೂ ಮುಂಭಾಗಕ್ಕೆ ಬರುವಂತಿರಲಿಲ್ಲ. ಧಾರವಾಡದ ಕಡೆಯಿಂದ ಬಂದ ಆತ ಇಪ್ಪತ್ತು ವರ್ಷ ಉಂಡದ್ದು ಆ ಮೂಗಿನ ಅನ್ನವನ್ನೇ.

೧೯೩೨ರ ಮಳೆಗಾಲದಲ್ಲಿ ಅವನಿಗೊಂದು ನೆಗಡಿ ಬಂತು. ಬಂದದ್ದು ಹೋಗಲೇ ಇಲ್ಲ. ಬಲಗೆನ್ನೆ ಭಾರವಾಯಿತು. ಕಾಲಿಗೆ ಚಪ್ಪಲಿ ಮೆಟ್ಟಲು ಬಗ್ಗಿದರೆ ಹುಬ್ಬಿನ ಮೇಲೆ ಸುತ್ತಿಗೆಯ ಪೆಟ್ಟು ಬಿದ್ದಂತಾಗುತ್ತಿತ್ತು. ಮೇಲಿನ ಹಲ್ಲುಗಳೂ ನೊಂದವು. ಹಲ್ಲಿನದೇ ಬೇನೆಯೆಂದು ಗಟ್ಟಿಮುಟ್ಟಾದ ದವಡೆಯ ಹಲ್ಲೊಂದನ್ನು ಕೀಳಿಸಿಕೊಂಡು ಬಂದ. ನೋವು ಇದ್ದಲ್ಲಿಯೇ ಇತ್ತು.

ಕಟ್ಟಿದ ಮೂಗಿಗೆ ಸೀನೇ ಮದ್ದೆಂಬುದು ನಶ್ಯದವರ ನಂಬಿಕೆ. ಮುರುಗೆಪ್ಪ ಚಿಟಿಕೆಯ ಮೇಲೆ ಚಿಟಿಕೆ ಏರಿಸಿದ.

"ಬೆಂಕಿಗೆ ಎಣ್ಣಿ ಹೊಯ್ದು ಆರಸಾಕತ್ತೀರೇನು?" ಎಂದು ಹೆಂಡತಿ ರುದ್ರವ್ವ ಬೈದಳು. "ಮೊನ್ನೆ ಪಲ್ಯ ಹೊತ್ತಿ ಮನಿ ತುಂಬ ಹೊಗಿ ಆತು, ನೀವು ಕಣ್ಣೊರಸಿಕೊಂತ ಕುಂತ್ರಿ. ವಾಸನಿ ಬರಲಿಲ್ಲೇನು?"

"ಮೆಲ್ಲಕ ಮಾತಾಡ," ಎಂದ ಮುರುಗೆಪ್ಪ. "ಅಂಗಡಿ ಸಾವಕಾರ್ರ ಕಿವಿಗೆ ಬಿದ್ದರ ಮುಗೀತು."

ಅಂಗಡಿಯಲ್ಲಿ ಅವನು ಭರಣಿಗೆ ಮೂಗು ಹಿಡಿದು ಕಣ್ಣು ಮುಚ್ಚುತ್ತಿದ್ದ. ಒಳಗೆ ಏನೂ ಇಲ್ಲ. ಗೋಡೆಯನ್ನು ಮೂಸಿದಂತೆ. ಬೆರಳಲ್ಲಿ ಉಜ್ಜಿ, ಬಣ್ಣ ನೋಡಿ, ಅಂದಾಜಿನ ಮೇಲೆ ಹೂಂ ಅನ್ನುತ್ತಿದ್ದ. ಪ್ರತಿಯೊಂದು ಹೂಂ ಅವನ ಎದೆಯ ಮೇಲೆ ಕಲ್ಲಾಗಿ ಕೂರುತ್ತಿತ್ತು.

ಕೊನೆಗೆ ರುದ್ರವ್ವನೇ ಅವನನ್ನು ಬಿಂದುಮಾಧವ ಡಾಕ್ಟರರ ಬಳಿಗೆ ಎಳೆದೊಯ್ದಳು. ಅವರೂ ಕನ್ನಡದವರೇ, ಬೆಳಗಾವಿಯ ಕಡೆಯವರು. ಕೆನ್ನೆಯನ್ನು ಒತ್ತಿ, ಅವನು ಕಿರುಚಿದ ಮೇಲೆ ಹೇಳಿದರು: "ನೋಡು, ಮೂಗಿನ ಆಜೂಬಾಜೂ ಎಲುಬಿನೊಳಗ ಪೊಳ್ಳ ಜಾಗಾ ಇರ್ತಾವ. ಅವಕ್ಕ ಸಣ್ಣ ಬಾಗಲಾ. ನೆಗಡಿಗೆ ಒಳಗಿನ ಪೊರಿ ಬಾತು ಬಾಗಲಾ ಮುಚ್ಚೇದ, ಕೀವು ಒಳಗ ಸಿಕ್ಕೊಂಡದ. ಅದಕ್ಕ ಹಲ್ಲು ನೋಯತದ, ಅದಕ್ಕ ವಾಸನಿ ಇಲ್ಲ."

"ಸೀನಿದ್ರ ಬಾಗಲಾ ತೆಗೀತದಲ್ರೀ?"

"ನಿನ್ನ ತಪಕೀರ, ಆ ನಶ್ಯದ ಪುಡಿನೇ ಪೊರಿ ಇನ್ನಷ್ಟು ಬಾಯೋ ಹಂಗ ಮಾಡೇದ! ಹಬೆ ತಗೋ. ವಾರಕ್ಕೊಮ್ಮೆ ಬಾ, ಒಳಗಿನ ಕೀವು ತೊಳದು ಕೊಡತೇನಿ. ಆದರ ಆ ತಂಬಾಕಿನ ಧೂಳಿಂದ ಮೂರು ತಿಂಗಳು ದೂರ ಇರಬೇಕು. ಇಲ್ಲಾಂದ್ರ ಮೂಗಿನ ಆಶಾ ಬಿಡು."

ಮೂರು ತಿಂಗಳು ಅಂಗಡಿ ಬಿಟ್ಟರೆ ಆ ಜಾಗದಲ್ಲಿ ಇನ್ನೊಬ್ಬ ಕೂರುವನು. ಬಿಡದಿದ್ದರೆ ಮೂಗು ಹೋಗುವುದು. ಮುರುಗೆಪ್ಪ ಎರಡು ವಾರ ಇದೇ ಇಕ್ಕಟ್ಟಿನಲ್ಲಿ ಒದ್ದಾಡಿದ. ಅಷ್ಟರಲ್ಲಿ ಅವನು ಹೂಂ ಅಂದಿದ್ದ ಭರಣಿಯೊಂದು ಮುಗ್ಗಲು ವಾಸನೆಯೆಂದು ಸಾಸವಡದ ಗಿರಾಕಿಯಿಂದ ಮರಳಿ ಬಂತು.

ಈರಬಸಪ್ಪನವರು ಭರಣಿಯನ್ನು ಅವನ ಮುಂದಿಟ್ಟರು. ಅವನು ಈ ಸಲ ಕಣ್ಣು ಮುಚ್ಚಲಿಲ್ಲ.

"ನನಗ ಎರಡು ತಿಂಗಳಾತ್ರಿ, ಏನೂ ವಾಸನಿ ಬರಂಗಿಲ್ಲ. ಡಾಕ್ಟರು..."

ಮಾತು ಮುಗಿಯುವ ಮೊದಲೇ ಸಾವಕಾರರು ಭರಣಿಯನ್ನು ಬದಿಗೆ ಸರಿಸಿದರು. ನಿಜಕ್ಕೂ ಮರುಗಿದರು.

"ಹುಚ್ಚಪ್ಪಾ, ಮೊದಲ ಹೇಳಬಾರದೇನು? ಇಪ್ಪತ್ತು ವರ್ಷದ ಮನಷ್ಯಾನ್ನ ಬೀದಿಗೆ ಹಾಕ್ತೇನೇನು ನಾನು? ಮೂಗು ಇಲ್ಲಾಂದ್ರ ಕೈ ಅದಾವಲ್ಲ. ನಾಳಿಂದ ಹಿಂದಿನ ಖೋಲಿ ನೋಡಿಕೋ. ಕುಟ್ಟಿಸೋದು, ಸೋಸೋದು. ಅಲ್ಲೆ ಮೂಸೋ ಕೆಲಸ ಇಲ್ಲ."

ಹಿಂದಿನ ಕೋಣೆಗೆ ಕಿಟಕಿಯಿರಲಿಲ್ಲ. ಬಾಗಿಲಿನ ಸಂದಿಯಿಂದ ಕಂದು ಧೂಳು ಮೆಲ್ಲನೆ ಹೊರಬರುತ್ತಿತ್ತು. ಧೂಳಿನಿಂದ ದೂರವಿರಬೇಕೆಂಬ ಡಾಕ್ಟರರ ಮಾತು ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಇಷ್ಟು ದೊಡ್ಡ ಮನಸ್ಸು ಮಾಡಿದವರ ಮುಂದೆ ಅದನ್ನು ಹೇಗೆ ಆಡುವುದು?

"ನಿಮ್ಮ ಉಪಕಾರ ಆತ್ರಿ ಸಾವಕಾರ್ರ," ಎಂದ ಮುರುಗೆಪ್ಪ.