ಬಿಸಿಲಿಗಿಟ್ಟ ಸೆಲ್ಲು, ಆ ವರ್ಷದ ಕ್ಯಾಸೆಟ್ಟುಗಳು

ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ಕಾಕಾ. ಅಪ್ಪನ ಅಣ್ಣ. ಊರಲ್ಲೇ ಉಳಿದಿದ್ದರೆ ದೊಡ್ಡಪ್ಪ ಎನ್ನುತ್ತಿದ್ದೆವು. ಅಥಣಿ ಕಡೆಯಿಂದ ಮಿರಜಿಗೆ ದುಡಿಯಲು ಬಂದ ಮೇಲೆ ಓಣಿಯ ಎಲ್ಲರಂತೆ ನಮಗೂ ಕಾಕಾ ಆದರು. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ ಮಾಡುತ್ತಿದ್ದರು. ಮನೆಯಲ್ಲಿ ಅವರ ಮಾತಿಗೆ ಎದುರಾಡುವವರಿರಲಿಲ್ಲ. ನಾನು ಬಿ.ಎ.ಗೆ ಸೇರಿ ಸಂಗೀತ ತೆಗೆದುಕೊಳ್ಳುತ್ತೇನೆ ಎಂದ ದಿನ ಅವರು ಚಹಾದ ಬಸಿಯನ್ನು ಕೆಳಗಿಟ್ಟು ನಕ್ಕರು.

"ನಮ್ಮ ಮನ್ಯಾಗ ಬಿ.ಎ. ಆಗೂದಿಲ್ಲ ಬಿಡವಾ. ಅದೂ ಹಾಡಿ? ಹಾಡಿದ್ರ ಚುರಮುರಿ ಕೊಡ್ತಾರ, ಡಿಗ್ರಿ ಕೊಡೂದಿಲ್ಲ."

ಅಪ್ಪ ಏನೋ ಹೇಳಲು ಹೋದರು. ಕಾಕಾ ಕೈ ಎತ್ತಿದರು. "ಹೋಗಲಿ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಒಮ್ಮಿ ನಪಾಸಾದಳು ಅಂದ್ರ ಮುಗೀತು, ಎರಡನೇ ಸಲ ಕುಂದ್ರೂದಿಲ್ಲ. ಕಾಗವಾಡದಾಗ ಒಬ್ಬ ಹುಡುಗ ಅದಾನ."

ಆ ಹುಡುಗನನ್ನು ನಾನು ಕೊನೆಗೂ ನೋಡಲಿಲ್ಲ. ಆದರೆ ಕಾಲೇಜಿನ ಅಷ್ಟೂ ವರ್ಷ ಅವನು ನಮ್ಮ ಬಾಗಿಲಾಚೆ ಚಪ್ಪಲಿ ಬಿಡುತ್ತಿದ್ದಾನೆ ಎಂಬಂತೆಯೇ ಬದುಕಿದೆ.

ವರ್ಷದ ಕೊನೆಗೆ ಪತ್ರಿಕೆಗಳಲ್ಲಿ ಆ ವರ್ಷದ ಉತ್ತಮ ಆಲ್ಬಮ್ಮುಗಳ ಆಯ್ಕೆ ಬರುತ್ತದಲ್ಲ, ಅದನ್ನು ನಾನು ತಪ್ಪದೆ ಓದುತ್ತೇನೆ. ಓದಿ ಜಗಳವನ್ನೂ ಆಡುತ್ತೇನೆ. ನನ್ನ ಆಯ್ಕೆ ಪ್ರತಿ ವರ್ಷ ಬೇರೆಯೇ ಇರುತ್ತದೆ. ಆದರೆ ಕಣ್ಣು ಮುಚ್ಚಿ ಹೇಳಬಲ್ಲದ್ದು ಒಂದೇ ವರ್ಷದ್ದು, ಬಿ.ಎ. ಕೊನೆಯ ವರ್ಷದ್ದು. ಆ ವರ್ಷ ನಾನು ಸಂಗೀತವನ್ನು ಕೇಳಿದ್ದಕ್ಕಿಂತ ಹೆಚ್ಚಾಗಿ ಅದಕ್ಕೆ ಹೆದರಿದೆ.

ನಮ್ಮ ಟೇಪು ಅಪ್ಪನ ಮಾಲಕರ ಮನೆಯದು. ಅಪ್ಪ ಕುಪವಾಡ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಎರಕದ ಕೆಲಸದಲ್ಲಿದ್ದರು. ಪೇಟೆಗೆ ಹೊಳೆಯುವ ಹೊಸ ಡೆಕ್ಕುಗಳು ಬಂದ ಕಾಲ ಅದು. ಸಾಂಗಲಿ–ಮಿರಜ ರಸ್ತೆಯ ಎರಡೂ ಬದಿಗೆ ಹೊಲಗಳು ಪ್ಲಾಟುಗಳಾಗಿ, ಪ್ಲಾಟುಗಳ ಮೇಲೆ ಶೋರೂಮುಗಳೆದ್ದು, ಉಳ್ಳವರ ಮನೆಗೆ ಹೊಸದು ಬಂದಂತೆಲ್ಲ ಹಳೆಯದು ಕೆಳಗಿಳಿದು ನಮ್ಮಂಥವರ ಮನೆ ಸೇರಿತು. ಟೇಪು ಬಂತು, ಆದರೆ ಪ್ಲಗ್ ಇರಲಿಲ್ಲ. ಚಾಳಿನ ಮಾಲಕ ಒಂದು ಬಲ್ಬಿನಷ್ಟೇ ಲೈಟು ಕೊಟ್ಟಿದ್ದ. ಹಾಗಾಗಿ ಟೇಪು ಸೆಲ್ಲಿನ ಮೇಲೆ ಓಡಬೇಕು, ಹೊಸ ಸೆಲ್ಲು ಹಬ್ಬಕ್ಕೊಮ್ಮೆ ಮಾತ್ರ.

ಸೆಲ್ಲುಗಳ ಆರೈಕೆ ಆಯಿಯದು, ಅಂದರೆ ನಮ್ಮ ಅಜ್ಜಿಯದು. ಸೆಲ್ಲು ಸೋತರೆ ಅದನ್ನು ತಗಡಿನ ಮೇಲೆ ಬಿಸಿಲಿಗಿಡುವುದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ರೂಢಿ. ಆಯಿ ಒಣಮೆಣಸಿನಕಾಯಿಯ ಪಕ್ಕ ಅವುಗಳನ್ನು ಸಾಲಾಗಿ ಮಲಗಿಸಿ, ಮಧ್ಯಾಹ್ನ ಒಮ್ಮೆ ಮಗ್ಗುಲು ಹೊರಳಿಸುತ್ತಿದ್ದಳು. ಸಂಜೆ ಬಿಸಿಯಿರುವಾಗಲೇ ಹಾಕಿದರೆ ಟೇಪು ಎದ್ದು ಕೂತು ಹಾಡುತ್ತಿತ್ತು. ಸೆಲ್ಲು ಉಳಿಯಲೆಂದು ರೀಲನ್ನು ಪೆನ್ಸಿಲ್ ತೂರಿಸಿ ಕೈಯಲ್ಲೇ ಹಿಂದಕ್ಕೆ ಸುತ್ತುತ್ತಿದ್ದೆ. ಕಾಲೇಜಿನಲ್ಲಿ ವಾರಕ್ಕೆ ಕೆಲವೇ ತಾಸು ಸಂಗೀತ, ಅದೂ ಹಾರ್ಮೋನಿಯಂ ಸುತ್ತ ಎಲ್ಲರೂ ಕೂಡಿ ಹಾಡುವುದು. ಮನೆಪಾಠಕ್ಕೆ, ನಮ್ಮ ಓಣಿಯ ಮಾತಿನಲ್ಲಿ ಶಿಕವಣಿಗೆ, ಹೋಗುವ ಶಕ್ತಿ ನಮಗಿರಲಿಲ್ಲ. ಟೇಪೇ ನನ್ನ ಗುರು. ಅದು ಹಾಡಿದಂತೆ ಹಾಡುವುದು, ಅದು ನಿಂತಲ್ಲಿ ನಿಲ್ಲುವುದು.

ಆ ವರ್ಷದ ನನ್ನ ಮೂರನೆಯ ಆಯ್ಕೆಯೆಂದರೆ ಕುಣಿತದ ಸಿನಿಮಾ ಹಾಡುಗಳ ಒಂದು ಕ್ಯಾಸೆಟ್ಟು. ಸಂಗೀತ ಓದಿದವಳು ಇದನ್ನು ಹೇಳಬಾರದು, ಆದರೂ ಹೇಳುತ್ತೇನೆ. ಅವ್ವ ಮಾಲಗಾಂವದ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ಸಂಜೆ ಹೆಂಗಸರನ್ನು ತುಂಬಿಕೊಂಡು ಬರುವ ಟೆಂಪೋದಲ್ಲಿ ಅದೇ ಕ್ಯಾಸೆಟ್ಟು ಹಚ್ಚಿರುತ್ತಿದ್ದರು. ಮಷಿನ್ನಿನ ಡೋಲು ದೂರದಿಂದ ಕೇಳಿತೆಂದರೆ ಅವ್ವ ಬಂದಳು ಎಂದು ಜೀವ ತಣ್ಣಗಾಗುತ್ತಿತ್ತು.

ಎರಡನೆಯದು ವಚನಗಳ ಕ್ಯಾಸೆಟ್ಟು. ಮಾಮಾ ಅಥಣಿ ಬಸ್ ಸ್ಟ್ಯಾಂಡಿನಿಂದ ಆಯಿಗೆಂದು ತಂದದ್ದು. ಹಾಡಿದ ಹೆಣ್ಣುಮಗಳ ದನಿ ಸ್ವಲ್ಪ ಒಡಕು, ಉಸಿರು ತೆಗೆದುಕೊಳ್ಳುವುದೂ ಕೇಳುತ್ತಿತ್ತು. ಶಾಲೆಯಲ್ಲಿ ಮರಾಠಿ ಓದಿದ ನಮಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಆಯಿ ಒಂದೊಂದು ಸಾಲು ನಿಲ್ಲಿಸಿ ಹೇಳಲು ಹೋಗುವಳು. ನಿಲ್ಲಿಸಿ ಹಚ್ಚಿದರೆ ಸೆಲ್ಲು ತಿನ್ನುತ್ತದೆ ಎಂದು ನಾನು ಬೈಯುತ್ತಿದ್ದೆ.

ಮೊದಲನೆಯದು ಹಸಿರು ಹೊದಿಕೆಯ ಮಾರವಾ. ಒಬ್ಬ ಮುದುಕ ಗವಾಯಿಯದು. ಮಾರವಾ ಹೊತ್ತು ಮುಳುಗುವಾಗಿನ ರಾಗ. ಅದರಲ್ಲಿ ಸಾ ಸುಲಭಕ್ಕೆ ಸಿಗುವುದಿಲ್ಲ. ಮನೆ ಕಾಣುತ್ತದೆ, ಬಾಗಿಲು ಕಾಣುವುದಿಲ್ಲ, ಸುತ್ತಲೇ ತಿರುಗುತ್ತಿರಬೇಕು. ಆ ಗವಾಯಿ ಒಂದು ಮಗ್ಗುಲಿನ ಕೊನೆಗೆ ಬಂದಂತೆ ದನಿಯನ್ನು ನಿಧಾನವಾಗಿ ಕೆಳಕ್ಕೆ, ಇನ್ನೂ ಕೆಳಕ್ಕೆ ಒಯ್ಯುತ್ತಿದ್ದರು. ಬಾವಿಗೆ ಇಳಿದಂತೆ. ಕೇಳುತ್ತ ನನ್ನ ಮೈಮೇಲೆ ಮುಳ್ಳೇಳುತ್ತಿದ್ದವು. ಇದಕ್ಕಿಂತ ದೊಡ್ಡ ಹಾಡಿಕೆ ಇಲ್ಲ ಎಂದುಕೊಂಡೆ. ಅವರೊಂದಿಗೆ ಹಾಡುತ್ತ ನಾನೂ ಇಳಿದೆ, ದಿನಾ ಇಳಿದೆ, ಅದೇ ತಿರುವಿನಲ್ಲಿ.

ಕೊನೆಯ ವರ್ಷದ ಪ್ರ್ಯಾಕ್ಟಿಕಲ್ಲಿನಲ್ಲಿ ತಂಬೂರಿ ಮುಂದೆ ಒಬ್ಬೊಬ್ಬರೇ ಪೂರ್ತಿ ರಾಗ ಹಾಡಬೇಕು. ಅದಕ್ಕೆ ಕೆಲವು ವಾರ ಮೊದಲು ನಮ್ಮ ಮೇಡಂ ಎಲ್ಲರನ್ನೂ ಒಂಟಿಯಾಗಿ ಹಾಡಿಸಿದರು. ಅವರು ಕನ್ನಡ ಮನೆಮಾತಿನ ಜೈನರ ಮನೆಯವರು, ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ನಾನು ಮಾರವಾ ಹಾಡಿದೆ. ಕೊನೆಗೆ ಬಂದು ಬಾವಿಗಿಳಿದೆ. ಕಣ್ಣು ಬಿಟ್ಟರೆ ಮೇಡಂ ತಂಬೂರಿಯ ತಂತಿಯ ಮೇಲೆ ಅಂಗೈ ಇಟ್ಟಿದ್ದರು.

"ನಿನ್ನ ಸಾ ಎಲ್ಲಿ ಹೋತು? ತಂಬೂರಿ ಇಲ್ಲೇ ಐತಿ, ನಾ ಇಲ್ಲೇ ಕುಂತೇನಿ. ನೀ ಎಲ್ಲಿಗೆ ಹೋದಿ?"

"ಅಂಜಿಕಿ ಬಂತ್ರಿ ಮೇಡಂ."

"ಅಂಜಿಕಿ ಅಲ್ಲ ಅದು. ಅಂಜಿದವರು ಎಲ್ಲೆಲ್ಲಿಯೋ ಜಾರ್ತಾರ. ನೀ ಕಲ್ತು ಇಳೀಲಿಕತ್ತಿ. ಹಿಂಗ ಹಾಡಿದ್ರ ನಪಾಸ ಮಾಡ್ತಾರ, ತಿಳೀತಿಲ್ಲೋ?"

ತಿಳಿಯಿತು. ಸಂಗೀತದಲ್ಲಿ ನಪಾಸಾದರೆ ಬಿ.ಎ. ಇಲ್ಲ, ಎರಡನೆಯ ಸಲ ಎಂಬುದಿಲ್ಲ. ತಿಳಿಯದ್ದು ಒಂದೇ: ಅಷ್ಟು ದೊಡ್ಡ ಗವಾಯಿ ಇಳಿಯುವಲ್ಲಿ ನಾನು ಇಳಿದರೆ ತಪ್ಪೇನು?

ಜೊತೆಗೆ ಓದುವ ಗೆಳತಿಯೊಬ್ಬಳು ಕಸಬೆ ಡಿಗ್ರಜದವಳು. ಕಬ್ಬಿನವರ ಮನೆ, ಹೊಸ ಡೆಕ್ಕು. ಹಸಿರು ಕ್ಯಾಸೆಟ್ಟನ್ನು ಅಲ್ಲಿಗೆ ಒಯ್ದೆ. ಡೆಕ್ಕಿನಲ್ಲಿ ಹಚ್ಚಿದಾಗ ಯಾರೋ ಹರೆಯದವರು ಹಾಡಿದಂತೆ ಕೇಳಿತು. ಕೊನೆಗೆ ಬಂದರೂ ದನಿ ಇಳಿಯಲಿಲ್ಲ. ಎಲ್ಲಿ ಶುರುವಾಗಿತ್ತೋ ಅದೇ ಎತ್ತರದಲ್ಲಿ ನಿಂತು ಮುಗಿಯಿತು.

"ನಿಮ್ಮ ಡೆಕ್ ಕೆಟ್ಟೈತಿ" ಎಂದೆ.

ಅವಳು ಹೊಟ್ಟೆ ಹಿಡಿದು ನಕ್ಕಳು. "ಅಯ್ಯ, ನಿನ್ನ ಸೆಲ್ ಸತ್ತಾವಬೇ. ನಿಮ್ಮ ಟೇಪು ಹೊಟ್ಟಿಗಿಲ್ದ ಹಾಡ್ತೈತಿ."

ನನಗೆ ನಗು ಬರಲಿಲ್ಲ. ಬಿಸಿಲಿನ ಕಾವು ಇರುವವರೆಗೆ ಟೇಪು ನೆಟ್ಟಗೆ ಓಡುತ್ತಿತ್ತು, ಕಾವು ಆರಿದಂತೆ ಮೆಲ್ಲಗಾಗುತ್ತಿತ್ತು, ದನಿ ಕುಸಿಯುತ್ತಿತ್ತು. ನಾನು ಮೈಮೇಲೆ ಮುಳ್ಳೇಳಿಸಿಕೊಂಡು ಕಲಿತದ್ದು ಸೆಲ್ಲು ಸಾಯುವುದನ್ನು. ಪಾಠವಾಗಿದ್ದರೆ ಅಳಿಸಿ ಬೇರೆ ಓದಬಹುದಿತ್ತು. ಇದು ಗಂಟಲಿಗೆ ಹೋಗಿ ಕೂತಿತ್ತು.

ಅಂದಿನಿಂದ ಎಲ್ಲವೂ ಕುಸಿಯುತ್ತಿರುವಂತೆ ಕೇಳತೊಡಗಿತು. ಹಿಟ್ಟಿನ ಗಿರಣಿ ನಿಲ್ಲುವಾಗಿನ ಸದ್ದಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ರೈಲುಗಾಡಿ ಯಾರ್ಡಿನಿಂದ ದೂರ ಹೋಗುವಾಗ ಅದರ ಕೂಗು ಇಳಿಯುತ್ತದಲ್ಲ, ಅದನ್ನು ಕೇಳಲಾರದೆ ಕಿವಿ ಮುಚ್ಚುತ್ತಿದ್ದೆ. ಗೆಳತಿ ತನ್ನ ಡೆಕ್ಕಿನಲ್ಲಿ ಬರೀ ತಂಬೂರಿ ತುಂಬಿದ ಒಂದು ಕ್ಯಾಸೆಟ್ಟು ಮಾಡಿಕೊಟ್ಟಳು. ಸಂತೋಷದಿಂದ ಮನೆಗೆ ತಂದು ಹಚ್ಚಿದೆ. ಸ್ವಲ್ಪ ಹೊತ್ತಿಗೆ ತಂಬೂರಿಯೂ ಬಾವಿಗಿಳಿಯಿತು. ಆಯಿ ಸೆಲ್ಲುಗಳನ್ನು ಕೈಗೆತ್ತಿಕೊಂಡು, "ಇವತ್ತ ಮೋಡ ಇತ್ತ, ನಾ ಏನ ಮಾಡ್ಲಿ" ಎಂದಳು, ತನ್ನದೇ ತಪ್ಪೆಂಬಂತೆ.

ಉಳಿದದ್ದು ಸಿತಾರ ಮಾಡುವವರ ಓಣಿ. ಅಲ್ಲಿ ತಂಬೂರಿ ನಿಜವಾದದ್ದು, ಸೆಲ್ಲು ಬೇಡ. ಕಾಲೇಜು ಬಿಟ್ಟೊಡನೆ ಒಂದು ಅಂಗಡಿಯ ಪಾವಟಿಗೆಯ ಮೇಲೆ ಕೂರತೊಡಗಿದೆ. ಒಳಗೆ ಒಬ್ಬ ಕಾರೀಗರ ಜವಾರಿ ತೆಗೆಯುತ್ತಿದ್ದ. ತಂಬೂರಿಯ ತಂತಿ ಕೂರುವ ಕುದುರೆಯನ್ನು ಅರದಿಂದ ತುಸು ತಿಕ್ಕುವುದು, ತಂತಿ ಮೀಟುವುದು, ಮತ್ತೆ ತಿಕ್ಕುವುದು. ತಂತಿ ಜೇನುಹುಳದಂತೆ ಗುಂಯ್ಗುಡುವವರೆಗೆ ಹೀಗೇ. ಅವನು ಮೀಟಿದಾಗಲೆಲ್ಲ ನಾನು ಬಾಯಿ ಮುಚ್ಚಿ ಸಾ ಹಿಡಿಯುತ್ತಿದ್ದೆ. ಅವನಿಗೆ ಸಿಟ್ಟು ಬಂತು. ಕರ್ನಾಟಕದ ಗಿರಾಕಿಗಳಿಂದ ಕಲಿತ ಕನ್ನಡದಲ್ಲಿ ಬೈದ.

"ಏ ಪೋರಿ, ನಿನ್ನ ಗೂಂ ಗೂಂ ಬಂದ್ ಮಾಡ. ನನಗ ತಂತಿ ಕೇಳವಲ್ದು. ನೀ ಹಾಡೂಮುಂದ ನೀನರೆ ಏನ ಕೇಳ್ತಿ?"

ಅಂದಿನಿಂದ ಅವನು ಮೀಟಿದಾಗ ಸುಮ್ಮನಿದ್ದು, ಅವನು ಅರ ಹಿಡಿದಾಗ ಹಾಡಿದೆ. ತಿಕ್ಕುವ ಕರಕರ ಸದ್ದಿನಲ್ಲಿ ಸಾ ಹಿಡಿದು ಕೂರುವುದು, ಅವನು ಮತ್ತೆ ಮೀಟಿದಾಗ ಎಷ್ಟು ಇಳಿದಿದ್ದೇನೆ ಎಂದು ನೋಡುವುದು. ದಿನಾ ಇಳಿದಿರುತ್ತಿದ್ದೆ. ಕೆಲವು ಸಂಜೆ ಕಡಿಮೆ, ಕೆಲವು ಸಂಜೆ ಅಳು ಬರುವಷ್ಟು.

ಒಂದು ಸಂಜೆ ಶೆಡ್ಡಿನಿಂದ ಬರುತ್ತಿದ್ದ ಕಾಕಾ ನನ್ನನ್ನು ಆ ಪಾವಟಿಗೆಯ ಮೇಲೆ ನೋಡಿದರು. ನಿಲ್ಲದೆ ಹೋದರು. ಊಟಕ್ಕೆ ಕೂತಾಗ ಕೇಳಿದರು.

"ಅಲ್ಲಿ ಮಂದಿ ಅಂಗಡಿ ಮುಂದ ಏನ ಮಾಡಾಕತ್ತಿದ್ದಿ?"

ಸೆಲ್ಲಿನ ಕತೆಯನ್ನೆಲ್ಲ ಹೇಳಿದೆ. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕಿವಿಗೊಟ್ಟರು.

"ಹಂಗಾರ ಇಷ್ಟ ದಿನ ಸೆಲ್ ಕಡೆ ಶಿಕವಣಿ ಹೇಳಿಸ್ಕೊಂಡಿ ಅನ್ನು" ಎಂದು ಅಪ್ಪನ ಕಡೆ ನೋಡಿದರು. "ನಾ ಹೇಳಿದ್ದಿಲ್ಲೇನೋ? ರಿಝಲ್ಟ್ ಬಂದ ಮ್ಯಾಲ ಕಾಗವಾಡದವರಿಗೆ ಬರ್ರಿ ಅಂತ ಹೇಳೇನಿ."

ಅಪ್ಪ ತಮ್ಮ ತಾಟಿನ ರೊಟ್ಟಿ ಮುರಿದು ಅರ್ಧ ನನ್ನ ತಾಟಿಗೆ ಹಾಕಿದರು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಇಬ್ಬರು ಪರೀಕ್ಷಕರಿದ್ದರು. ತಂಬೂರಿ ಹಿಡಿದವಳು ಡಿಗ್ರಜದ ಗೆಳತಿ. ನಾನು ತಯಾರು ಮಾಡಿದ ರಾಗಗಳ ಹೆಸರು ಕೇಳಿ ಪರೀಕ್ಷಕರಲ್ಲಿ ಹಿರಿಯರು, "ಮಾರವಾ" ಎಂದರು. ಬೇರೆ ಯಾವುದಾದರೂ ಹೇಳಲಿ ಎಂದು ಬೆಳಗಿನಿಂದ ಬೇಡಿಕೊಂಡಿದ್ದೆ.

ಹಾಡಿದೆ. ಮೊದಲೆಲ್ಲ ಹೇಗಾಯಿತೋ ನೆನಪಿಲ್ಲ. ನೆನಪಿರುವುದು ಆ ತಿರುವು. ಅದು ಬರುತ್ತಿದೆ ಎಂದು ಗಂಟಲಿಗೆ ನನಗಿಂತ ಮೊದಲೇ ಗೊತ್ತಾಯಿತು. ಬಾವಿಯ ಕಟ್ಟೆ ಕಾಲಿಗೆ ತಾಗಿದಂತಾಯಿತು. ಇನ್ನೊಂದು ಸ್ವರ ಹಾಕಿದರೆ ಇಳಿಯುತ್ತೇನೆ. ಕಾರೀಗರನ ಬೈಗುಳ ನೆನಪಾಯಿತೋ, ಹೆದರಿಕೆಗೆ ದನಿಯೇ ನಿಂತಿತೋ, ಇಂದಿಗೂ ಹೇಳಲಾರೆ. ಬಾಯಿ ಮುಚ್ಚಿದೆ. ಪರೀಕ್ಷಕರು ತಲೆ ಎತ್ತಿದರು. ತಬಲಾದವರು ನನ್ನನ್ನೇ ನೋಡುತ್ತ ಠೇಕಾ ಬಾರಿಸುತ್ತಲೇ ಇದ್ದರು. ಮರೆತಳು ಎಂದು ಎಲ್ಲರೂ ಅಂದುಕೊಂಡಿರಬೇಕು. ತಂಬೂರಿಯೊಂದನ್ನೇ ಕೇಳುತ್ತ ತಾಳದ ಒಂದು ಸುತ್ತು ಹೋಗಗೊಟ್ಟೆ. ಅದು ಎಲ್ಲಿತ್ತೋ ಅಲ್ಲೇ ಇತ್ತು. ಅದನ್ನು ಹಿಡಿದು ಮತ್ತೆ ದನಿ ಎತ್ತಿದೆ, ಮುಗಿಸಿದೆ.

ಹಿರಿಯರು ಏನೋ ಬರೆದುಕೊಂಡು, "ಮುಂದಿನವರು" ಎಂದರು. ಮುಖದಲ್ಲಿ ಏನೂ ಇರಲಿಲ್ಲ.

ಆಮೇಲಿನ ದಿನಗಳು ಅದಕ್ಕಿಂತ ಕಷ್ಟ. ನಿಂತದ್ದು ತಪ್ಪಾಯಿತೇ, ಇಳಿದಿದ್ದರೆ ಕಡಿಮೆ ಅಂಕವಾದರೂ ಸಿಗುತ್ತಿತ್ತೇ ಎಂದು ಮನಸ್ಸಿನಲ್ಲೇ ಹಾಡಿ ಹಾಡಿ ನೋಡುತ್ತಿದ್ದೆ. ಅವ್ವ ಪೆಟ್ಟಿಗೆಯಿಂದ ತನ್ನ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದಳು, ಏಕೆಂದು ಹೇಳಲಿಲ್ಲ. ಟೇಪನ್ನು ನಾನು ಮುಟ್ಟಲಿಲ್ಲ. ಆಯಿ ಮಾತ್ರ ರೂಢಿಯಂತೆ ಸೆಲ್ಲುಗಳನ್ನು ತಗಡಿಗೇರಿಸುತ್ತಿದ್ದಳು.

ರಿಝಲ್ಟ್ ಕಾಲೇಜಿನ ಬೋರ್ಡಿಗೆ ಬಂತು. ನನ್ನ ನಂಬರಿನ ಮುಂದೆ ಸೆಕೆಂಡ್ ಕ್ಲಾಸ್ ಎಂದಿತ್ತು. ನಂಬದೆ ಗೆಳತಿಯಿಂದ ಮತ್ತೊಮ್ಮೆ ಓದಿಸಿದೆ. ನಾನು ಪಾಸು ಎಂದು ಮನೆಯಲ್ಲಿ ಹೇಳಿದಾಗ ಕಾಕಾ, "ಕಾಗದ ಬರಲಿ" ಎಂದಷ್ಟೇ ಹೇಳಿದರು. ಕಾಗವಾಡದವರಿಗೆ ಏನು ಹೇಳಿದರೋ, ಅವರು ಬರಲಿಲ್ಲ. ಆದರೂ ಕಾಗದ ಕೈಗೆ ಬರುವವರೆಗೆ ನನಗೆ ಧೈರ್ಯ ಬರಲಿಲ್ಲ. ಬೋರ್ಡಿನಲ್ಲಿ ಯಾರೋ ತಪ್ಪು ಬರೆದಿದ್ದರೆ?

ಈಗ ನನ್ನ ಬಳಿ ಒಳ್ಳೆಯ ಯಂತ್ರವಿದೆ. ಆ ಮಾರವಾವನ್ನು ಅದರಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಗವಾಯಿ ಎಲ್ಲೂ ಇಳಿಯುವುದಿಲ್ಲ. ಆ ವರ್ಷದ ಮೊದಲ ಸ್ಥಾನ ಇಂದಿಗೂ ಅದಕ್ಕೇ, ಆದರೆ ಆ ತಿರುವು ಹತ್ತಿರ ಬಂದಾಗ ಇಂದಿಗೂ ಅಂಗೈ ಬೆವರುತ್ತದೆ.

ಪದವಿಯ ಕಾಗದ ಕೊನೆಗೊಂದು ದಿನ ಆಫೀಸಿನ ಕಿಟಕಿಯಿಂದ ಸಿಕ್ಕಿತು. ಮಡಿಚದೆ, ಎರಡು ರಟ್ಟಿನ ನಡುವೆ ಇಟ್ಟು, ಎದೆಗವಚಿಕೊಂಡು ನಡೆದೇ ಬಂದೆ. ಕಾಕಾ ಹೊರಸಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಅವರ ಕೈಗೇ ಕೊಟ್ಟೆ. ಬಸಿ ಬದಿಗಿಟ್ಟು, ಕೈಯನ್ನು ಧೋತರಕ್ಕೆ ಒರೆಸಿಕೊಂಡು ತೆಗೆದುಕೊಂಡರು. ಅವರಿಗೆ ಓದಲು ಬರುತ್ತಿರಲಿಲ್ಲ. ಬೆಳಕಿಗೆ ಹಿಡಿದು ಮುದ್ರೆ ನೋಡಿದರು, ಹಿಂದೆ ತಿರುಗಿಸಿ ನೋಡಿದರು. ಆಮೇಲೆ ಗೋಡೆಗೆ ತೂಗುಹಾಕಿದ್ದ ಅಂಗಿಯ ಕಡೆ ಗದ್ದ ಎತ್ತಿ ತೋರಿಸಿದರು.

"ಕಿಸೆದಾಗ ಹೊಸ ಸೆಲ್ ಅದಾವ, ತಗೋ. ನಿಮ್ಮ ಆಯಿಗೆ ಹೇಳು, ಇನ್ನ ಬಿಸಿಲಿಗಿ ಮೆಣಸಿನಕಾಯಿ ಅಷ್ಟ ಇಡಲಿ."